ಇಪ್ಪತ್ತೊಂದು ದಿನ ಸೂಜಿ ನಿಲ್ಲಿಸಿದ್ದು

ನಾನು ಮೊದಲ ಸಲ ನೋಡಿದಾಗ ಆತ ತುರಿಮಣೆಯ ಹಲ್ಲಿಗೆ ಕತ್ತಿನ ಹಿಂಭಾಗವನ್ನು ಒತ್ತಿ ಉಜ್ಜಿಕೊಳ್ಳುತ್ತಿದ್ದ. ಹೊಗೆಸೊಪ್ಪು ಹದ ಮಾಡುವ ಹಳೆಯ ಬ್ಯಾರನ್ನಿನ ಬಾಗಿಲಲ್ಲಿ ಕೂತಿದ್ದ. ಅಂಗಿಯ ಕಾಲರು ರಕ್ತ ಕುಡಿದು ಒಣಗಿ ರಟ್ಟಿನಂತೆ ನಿಂತಿತ್ತು. ಜೀಪಿನ ಸದ್ದಿಗೆ ತಲೆ ಎತ್ತಿದ. ಹಣೆ, ರೆಪ್ಪೆ, ಕಿವಿ ಎಲ್ಲ ದಪ್ಪಗಾಗಿ ಮಡಿಕೆ ಬಿದ್ದು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ನಲವತ್ತರ ಆಸುಪಾಸಿನ ಆಳು, ಅರವತ್ತಾದವನಂತೆ ಕಾಣುತ್ತಿದ್ದ.

“ಕೈಯಲ್ಲಿ ಕೆರೆದ್ರೆ ಸಾಲಕಿಲ್ಲ ಸಾ,” ಎಂದು ತುರಿಮಣೆಯನ್ನು ನಾಚಿಕೆಯಿಂದ ಹಿಂದಕ್ಕೆ ಸರಿಸಿದ.

ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಹಂಪಾಪುರದಿಂದ ಒಳಗೆ ಹೋಗುವ ಒಂದು ಹಳ್ಳಿ ಅದು. ಊರವರು ಆತನಿಗೆ ದೊಡ್ಡ ರೋಗ, ಅಂದರೆ ಕುಷ್ಠ ಬಂದಿದೆ ಎಂದು ತೀರ್ಮಾನಿಸಿದ್ದರು. ಅಣ್ಣನೇ ಮನೆಯಿಂದ ಹೊರಗೆ ಹಾಕಿ ಬ್ಯಾರನ್ನಿನಲ್ಲಿ ಇರಿಸಿದ್ದ. ಹೆಂಡತಿ ಮಾತ್ರ ಅಲ್ಲಿಗೇ ಚಾಪೆ ತಂದುಕೊಂಡಿದ್ದಳು. ಅದು ಕುಷ್ಠವಾಗಿರಲಿಲ್ಲ. ರಸ್ತೆಬದಿಯಲ್ಲಿ, ಹೊಲದ ಬದುವಿನಲ್ಲಿ ಬಿಳಿ ಹೂ ಬಿಟ್ಟು ನಿಲ್ಲುವ ಕಾಂಗ್ರೆಸ್ ಗಿಡದ ದೂಳು ಕೆಲವರ ಮೈಗೆ ಆಗುವುದಿಲ್ಲ. ಗಾಳಿಯಲ್ಲಿ ಬಂದು ತಾಗಿದರೂ ಸಾಕು, ಮುಖ, ಕತ್ತು, ಮೊಣಕೈಯ ಮಡಿಕೆಗಳು ಉರಿದೇಳುತ್ತವೆ. ವರ್ಷಾನುಗಟ್ಟಲೆ ಹಾಗೇ ಬಿಟ್ಟರೆ ಚರ್ಮ ಆನೆಯ ಚರ್ಮದಂತಾಗುತ್ತದೆ.

ಎರಡು ಸಾವಿರದ ಆಚೀಚಿನ ವರ್ಷಗಳು. ನಾನು ಮೈಸೂರಿನ ಒಂದು ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕನಾಗಿದ್ದೆ. ಡಾಕ್ಟರಲ್ಲ. ರಕ್ತ ತೆಗೆಯಲು, ಅದನ್ನು ಕೆಡದಂತೆ ತರಲು, ಅಳೆಯಲು ಬರುತ್ತಿತ್ತು, ಅಷ್ಟೇ. ನಮ್ಮ ಪ್ರೊಫೆಸರರ ಅಧ್ಯಯನ ಸೈಟೊಕೈನ್‌ಗಳ ಮೇಲೆ. ರಕ್ತದ ಬಿಳಿ ಕಣಗಳು ಒಂದನ್ನೊಂದು ಕರೆಯಲು ಸುರಿಸುವ ಸಣ್ಣ ಪ್ರೋಟೀನುಗಳವು. ಗಾಯವಾದಾಗ, ಕ್ರಿಮಿ ಹೊಕ್ಕಾಗ ಆ ಕರೆ ಬೇಕು. ಈ ರೋಗಿಗಳಲ್ಲಿ ಗಿಡದ ದೂಳು ಸೋಕಿದ್ದಕ್ಕೇ ಕರೆ ಎದ್ದು, ಮತ್ತೆ ನಿಲ್ಲುವುದೇ ಇಲ್ಲ. ಓಡಿ ಬಂದ ಕಣಗಳು ಸ್ವಂತ ಚರ್ಮವನ್ನೇ ಹರಿದು ಹಾಕುತ್ತವೆ. ಯಾವ ಸೈಟೊಕೈನ್ ಎಷ್ಟು ಏರಿದೆ ಎಂದು ತಿಳಿದರೆ ಮುಂದೊಂದು ದಿನ ಅದೊಂದನ್ನೇ ತಡೆಯುವ ಔಷಧಿ ಕೊಡಬಹುದು ಎಂಬುದು ಪ್ರೊಫೆಸರರ ಆಸೆ.

ತೊಡಕು ಏನೆಂದರೆ, ಸ್ಟೀರಾಯ್ಡ್ ಔಷಧಿ ಆ ಕರೆಯನ್ನು ಅಡಗಿಸುತ್ತದೆ. ಅದು ಮೈಯಲ್ಲಿರುವಾಗ ಅಳೆದರೆ ಬರುವ ಅಂಕಿ ಸುಳ್ಳು. ಹಾಗಾಗಿ ಮೊದಲ ದಿನ ಒಮ್ಮೆ ರಕ್ತ ತೆಗೆದು, ಮೂರು ವಾರ ಆ ಔಷಧಿ ನಿಲ್ಲಿಸಿ, ಹಚ್ಚಲು ಎಣ್ಣೆಮುಲಾಮು ಮತ್ತು ನವೆಗೆ ಮಾತ್ರೆ ಮಾತ್ರ ಕೊಟ್ಟು, ಇಪ್ಪತ್ತೊಂದನೇ ದಿನ ಇನ್ನೊಮ್ಮೆ ತೆಗೆಯಬೇಕು. ಬಹಳ ಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರನ್ನು ಸೇರಿಸಲೇಬಾರದು. ಏಕೆಂದರೆ ಅಂಥವರ ಮೈ ತನಗೆ ಬೇಕಾದ ಸ್ಟೀರಾಯ್ಡನ್ನು ತಾನೇ ತಯಾರಿಸುವುದನ್ನು ಮರೆತಿರುತ್ತದೆ. ದಿಢೀರನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಇದನ್ನೆಲ್ಲ ನೋಡಿ ಹೂಂ ಅನ್ನಬೇಕಾದವರು ಚರ್ಮದ ಡಾಕ್ಟರು. ನಮ್ಮ ಜೊತೆ ಒಬ್ಬ ಕಿರಿಯ ಡಾಕ್ಟರು ಬರುತ್ತಿದ್ದರು. ಆ ದಿನ ಅವರಿಗೆ ಜ್ವರ. ಜೀಪಿನಲ್ಲಿ ನಾನು ಮತ್ತು ಡ್ರೈವರ್ ಇಬ್ಬರೇ.

ವಾಪಸ್ ಹೋಗಬಹುದಿತ್ತು. ಆದರೆ ರೋಗ ಇಷ್ಟು ಕೆರಳಿದವನು ಅಲ್ಲಿಯವರೆಗೆ ನಮಗೆ ಸಿಕ್ಕಿರಲಿಲ್ಲ. ಪ್ರೊಫೆಸರರು ಅಂಥ ಒಬ್ಬನಿಗಾಗಿ ತಿಂಗಳಿಂದ ಹುಡುಕುತ್ತಿದ್ದರು. ನಾನು ಚಾಪೆಯ ಮೇಲೆ ಕೂತು ಫಾರಂ ತೆರೆದೆ.

“ಏನಾದ್ರೂ ಔಷಧಿ ತಗೋತಿದ್ದೀರಾ?”

“ಸಂತೆ ದಿವ್ಸ ಒಬ್ಬ ಬತ್ತಾನೆ. ಸೂಜಿ ಆಕ್ತಾನೆ. ಎಲ್ಡು ದಿನ ತಣ್ಣಗಿರ್ತದೆ.”

“ಎಷ್ಟು ದಿನದಿಂದ?”

ಆತ ಹೆಂಡತಿಯ ಮುಖ ನೋಡಿದ. “ಎಲ್ಡು ವರ್ಸ ಆಯ್ತೇನೋ,” ಅಂದಳು ಆಕೆ.

“ಯಾವ ಸೂಜಿ ಅಂತ ಗೊತ್ತಾ?”

“ನಮಗೆ ಎಂಗೆ ಗೊತ್ತಾಯ್ತದೆ ಸಾ? ಬಿಳೀದು, ಹಾಲಿನಂಗೆ ಇರ್ತದೆ.”

ಹಾಲಿನಂತೆ ಬಿಳಿಯಾಗಿರುವ, ಚುಚ್ಚಿದೊಡನೆ ನವೆ ಅಡಗಿಸುವ ಸೂಜಿ ಯಾವುದಿರಬಹುದು ಎಂದು ನನಗೆ ತಿಳಿಯದ್ದೇನಲ್ಲ. ಆ ಕಾಲಂನಲ್ಲಿ ‘ಗೊತ್ತಿಲ್ಲ’ ಎಂದು ಬರೆದೆ. ರಕ್ತ ತೆಗೆದೆ. ಮೂರು ವಾರ ಸೂಜಿಯವನ ಹತ್ತಿರ ಹೋಗಕೂಡದು, ಇಪ್ಪತ್ತೊಂದನೇ ದಿನ ನಾನೇ ಬರುತ್ತೇನೆ, ಆಮೇಲೆ ಮೈಸೂರಿನಲ್ಲಿ ಸರಿಯಾದ ಔಷಧಿ ಕೊಡಿಸುತ್ತೇವೆ ಎಂದು ಹೇಳಿದೆ.

“ಇದು ದೊಡ್ಡ ರೋಗ ಅಲ್ಲ ತಾನೆ?” ಎಂದು ಆತ ಕೇಳಿದ.

“ಖಂಡಿತ ಅಲ್ಲ.”

“ನಮ್ಮಣ್ಣುಂಗೆ ಒಸಿ ಏಳಿ ಸಾ.”

ಅಣ್ಣ ಹೊಲದಲ್ಲಿದ್ದ. ಐಸ್ ಕರಗುತ್ತಿತ್ತು, ನಾಲ್ಕು ಗಂಟೆಯೊಳಗೆ ರಕ್ತ ಮೈಸೂರು ಸೇರಬೇಕಿತ್ತು. ಬಂದಾಗ ಹೇಳುತ್ತೇನೆ ಅಂದು ಹೊರಟುಬಿಟ್ಟೆ. ಲ್ಯಾಬಿನಲ್ಲಿ ಫಾರಂ ನೋಡಿದ ಪ್ರೊಫೆಸರರು “ಡಾಕ್ಟರ್ ಸಹಿ?” ಎಂದರು. ನಾಳೆ ಹಾಕಿಸುತ್ತೇನೆ ಅಂದೆ. ಕಿರಿಯ ಡಾಕ್ಟರು ಜ್ವರದಿಂದೆದ್ದು ಬಂದವರು, ನನ್ನ ಮಾತು ನಂಬಿ, ರೋಗಿಯನ್ನು ನೋಡದೆಯೇ ಸಹಿ ಹಾಕಿದರು.

ಹದಿನಾಲ್ಕನೇ ದಿನ ಲ್ಯಾಬಿಗೆ ಫೋನು ಬಂತು. ಹಂಪಾಪುರದ ಎಸ್‌ಟಿಡಿ ಬೂತಿನಿಂದ, ನಾನು ಬರೆದುಕೊಟ್ಟಿದ್ದ ನಂಬರಿಗೆ, ಆತನ ಹೆಂಡತಿ.

“ಸಾ, ಮೈಯೆಲ್ಲ ಕೆಂಡ ಆಗದೆ. ಚಳಿ ಚಳಿ ಅಂತಾರೆ. ಬಟ್ಟೆ ಮಡಗಕೂ ಬುಡಕಿಲ್ಲ. ಒಂದೇ ಒಂದು ಸೂಜಿ ಆಕುಸ್ಲಾ?”

ನಾನು ನಿಂತಿದ್ದು ಎಲೈಸಾ ತಟ್ಟೆಯ ಎದುರು. ಅದು ತೊಂಬತ್ತಾರು ಸಣ್ಣ ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಒಂದೊಂದು ಗುಳಿಗೂ ಸೀರಂ, ಅಂದರೆ ರಕ್ತದ ತಿಳಿ, ಹಾಕಿ, ಏಳುವ ಬಣ್ಣದ ದಟ್ಟಣೆಯಿಂದ ಸೈಟೊಕೈನ್ ಎಷ್ಟಿದೆ ಎಂದು ಓದುತ್ತೇವೆ. ಸೂಜಿ ಹಾಕಿಸಿದರೆ ಎರಡು ವಾರ ನೀರುಪಾಲು ಎಂದು ತಲೆಯಲ್ಲಿ ಓಡಿತು.

“ಇನ್ನೊಂದು ವಾರ ತಡ್ಕೊಳ್ಳಿ,” ಅಂದೆ. “ಮುಲಾಮು ಜಾಸ್ತಿ ಹಚ್ಚಿ.”

“ಆಯ್ತು ಬುಡಿ,” ಎಂದು ಆಕೆ ಫೋನ್ ಇಟ್ಟಳು. ನಾನು ಅದನ್ನು ಯಾರಿಗೂ ಹೇಳಲಿಲ್ಲ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಎನ್. ಬೇಗೂರಿನ ಕಡೆಗೆ ಹೋಗಿ ಅಲ್ಲಿನ ರೋಗಿಗಳ ರಕ್ತ ತೆಗೆದುಕೊಂಡು, ಮಧ್ಯಾಹ್ನ ಆ ಹಳ್ಳಿಗೆ ಬಂದೆವು. ಅವತ್ತೂ ಡಾಕ್ಟರು ಇರಲಿಲ್ಲ. ಎರಡನೇ ರಕ್ತಕ್ಕೆ ಡಾಕ್ಟರು ಬೇಕಿಲ್ಲ ಎಂಬ ರೂಢಿ ನಮ್ಮಲ್ಲಿ ಹೇಗೋ ಬೆಳೆದುಬಿಟ್ಟಿತ್ತು.

ಬ್ಯಾರನ್ನಿನ ಒಳಗೆ ಹೋದಾಗ ಮೊದಲು ಬಡಿದದ್ದು ವಾಸನೆ, ಹಸಿ ಚರ್ಮದ್ದು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಂಡ. ಸೊಪ್ಪು ನೇತುಹಾಕುವ ಗಳುವಿನ ಕಂಬಕ್ಕೆ ಆತನ ಎರಡೂ ಕೈಗಳನ್ನು ಹಗ್ಗದಿಂದ ಕಟ್ಟಿತ್ತು. ಹಗ್ಗ ರಕ್ತದಲ್ಲಿ ನೆಂದು ಕಪ್ಪಾಗಿತ್ತು. ನೆತ್ತಿಯಿಂದ ಪಾದದವರೆಗೆ ಎಲ್ಲೂ ಒಂದು ಬೆರಳಗಲದ ಸರಿಯಾದ ಚರ್ಮವಿಲ್ಲ. ಎಲ್ಲ ಕೆಂಪು, ಎಲ್ಲ ಸುಲಿಯುತ್ತಿದೆ. ಚಾಪೆಯ ಮೇಲೆ ಹೊಟ್ಟು ಬೊಗಸೆಗಟ್ಟಲೆ ಉದುರಿತ್ತು. ಪಾದಗಳು ಊದಿ ಬಿರಿದಿದ್ದವು. ಆ ಬಿಸಿಲಲ್ಲಿ, ಆ ಉಬ್ಬೆಯಲ್ಲಿ ಹಲ್ಲು ಕಟಕಟಿಸುತ್ತ ನಡುಗುತ್ತಿದ್ದ. ಮೈತುಂಬ ಚರ್ಮ ಹೀಗೆ ಕೈಬಿಟ್ಟರೆ ಅದು ಸುಟ್ಟಗಾಯಕ್ಕೆ ಸಮ. ಒಳಗಿನ ನೀರು, ಕಾವು ಎಲ್ಲ ಸೋರಿಹೋಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ನಾಡಿ ಹಿಡಿದೆ. ದಾರದಂತೆ ಸಣ್ಣಗೆ, ಎಣಿಸಲಾಗದಷ್ಟು ಜೋರು.

ಆಮೇಲೆ ಏನು ಮಾಡಿದೆ ಎಂದು ಹೇಳಲು ಇವತ್ತಿಗೂ ಕಷ್ಟ. ಐಸ್ ಪೆಟ್ಟಿಗೆ ತೆರೆದೆ. ತೋಳಿಗೆ ಬಿಗಿಯುವ ರಬ್ಬರ್ ಪಟ್ಟಿ ತೆಗೆದೆ. ಅಭ್ಯಾಸದ ಕೈ, ತಾನಾಗಿಯೇ ನಡೆಯಿತು.

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಆಕೆಯ ಕೆನ್ನೆ ಕಪ್ಪಗೆ ಕಂದಿತ್ತು. ಕೈ ಕಟ್ಟುವ ಮುಂಚೆ ನವೆಯ ಉರಿಯಲ್ಲಿ ಆತನೇ ಹೊಡೆದದ್ದು ಎಂದು ಆಮೇಲೆ ತಿಳಿಯಿತು.

“ಮೊದ್ಲು ರಕ್ತವಾ ಸಾ?” ಅಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಆ ಪ್ರಶ್ನೆಗೆ ಪಟ್ಟಿ ಕೈಯಿಂದ ಜಾರಿತು. ಡ್ರೈವರನ್ನು ಕೂಗಿ, ಜೀಪಿನ ಹಿಂದಿನ ಸೀಟು ಮಡಚು, ಕೋಟೆ ಆಸ್ಪತ್ರೆಗೆ ಹೋಗೋಣ ಅಂದೆ. ನಾನು ಹಗ್ಗದ ಗಂಟಿಗೆ ಕೈ ಹಾಕುವಷ್ಟರಲ್ಲಿ ಹೊರಗೆ ಒಂದು ಏಟಿನ ಸದ್ದು ಕೇಳಿಸಿತು.

ಅಣ್ಣ ಬಂದಿದ್ದ. ಜೊತೆಗೆ ಹೊಲದಿಂದ ಬಂದ ಏಳೆಂಟು ಜನ. ಡ್ರೈವರ್ ಜೀಪಿನ ಚಕ್ರದ ಹತ್ತಿರ ಬಿದ್ದಿದ್ದ, ಬಾಯಿಂದ ರಕ್ತ ಇಳಿಯುತ್ತಿತ್ತು. ಏಳಲು ಹೋದವನ ಪಕ್ಕೆಗೆ ಯಾರೋ ಒದ್ದರು. ನಾನು ಹೊರಗೆ ಬಂದು ಕೈ ಅಡ್ಡ ಹಿಡಿದೆ. ಅಣ್ಣ ನನ್ನ ಕೊರಳಪಟ್ಟಿ ಹಿಡಿದು ಬ್ಯಾರನ್ನಿನ ಗೋಡೆಗೆ ತಲೆ ಚಚ್ಚಿದ. ಕಿವಿಯಲ್ಲಿ ಗುಂಯ್ ಎಂದಿತು.

“ಎಷ್ಟು ಕುಡುದ್ರಲಾ ನನ್ ತಮ್ಮನ್ ರಕ್ತವಾ? ಯಾವೂರಲ್ಲಿ ಮಾರ್ತಿದ್ದೀರಲಾ?”

ಒಬ್ಬ ಐಸ್ ಪೆಟ್ಟಿಗೆಯನ್ನು ಅಂಗಳಕ್ಕೆ ಎಳೆದು ತಂದು ಪಿಕಾಸಿಯಿಂದ ಹೊಡೆದ. ಥರ್ಮೋಕೋಲ್ ಸೀಳಿ ಟ್ಯೂಬುಗಳು ಉರುಳಿದವು. ಬೇಗೂರಿನ ಬೆಳಗಿನ ರಕ್ತವೆಲ್ಲ ಐಸ್ ನೀರಿನೊಂದಿಗೆ ಮಣ್ಣಿಗೆ ಇಳಿಯಿತು. ಅದನ್ನು ಕಂಡು ಜನ ಇನ್ನಷ್ಟು ಕೆರಳಿದರು. “ನೋಡ್ರಲಾ, ಎಷ್ಟು ಜನ್ದು ತುಂಬ್ಕಂಡವ್ರೆ,” ಎಂದು ಒಬ್ಬ ಅರಚಿದ. ಜೀಪಿನ ಮುಂದಿನ ಗಾಜು ಒಡೆಯಿತು. ಸೀಮೆಎಣ್ಣೆ ತನ್ನಿ ಎಂದು ಇನ್ನೊಬ್ಬ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ಆಗ ಡ್ರೈವರ್ ನೆಲದ ಮೇಲಿನಿಂದಲೇ ಕೂಗಿದ. “ನಮ್ದಲ್ಲ ಕಣ್ರಣ್ಣ ತಪ್ಪು. ಸಂತೇಲಿ ಸೂಜಿ ಆಕ್ತಾನಲ್ಲ, ಅವನು ಮಾಡಿರೋದು. ಅವನ್ ಸೂಜಿಯಿಂದ್ಲೇ ಇಂಗಾಗಿರೋದು.”

ಹಿಡಿದಿದ್ದ ಕೈಗಳು ಒಂದು ಕ್ಷಣ ಸಡಿಲವಾದವು. “ಅವನಾ?” ಎಂದ ಅಣ್ಣ. “ಇವತ್ತು ಸಂತೆ ಅಲ್ವೇನ್ಲಾ? ಅಲ್ಲೇ ಇರ್ತಾನೆ ನಡೀರಿ.” ಇಬ್ಬರು ಆಗಲೇ ದಾರಿಯ ಕಡೆ ತಿರುಗಿದ್ದರು. ಪಿಕಾಸಿ ಹಿಡಿದವನು ಅವರಲ್ಲೊಬ್ಬ.

ನಾನು ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದೆ. ಆ ಸೂಜಿಯವನೇನು ಒಳ್ಳೆಯವನಲ್ಲ. ಎರಡು ವರ್ಷ ಏನನ್ನು ಚುಚ್ಚುತ್ತಿದ್ದೇನೆಂದು ತಿಳಿಯದೆ ಚುಚ್ಚಿದವನು. ಆದರೆ ಆ ದಿನ ಆ ರೋಗಿ ಹಾಗೆ ಸುಲಿದು ಬಿದ್ದದ್ದು ಸೂಜಿ ಹಾಕಿದ್ದರಿಂದಲ್ಲ, ನಿಲ್ಲಿಸಿದ್ದರಿಂದ. ಇಷ್ಟು ಸುಳ್ಳನ್ನು ಹೊತ್ತುಕೊಂಡು ಒಂದು ಗುಂಪು ಸಂತೆಗೆ ಹೋದರೆ ಸಂಜೆಯ ಹೊತ್ತಿಗೆ ಒಂದು ಹೆಣ ಬೀಳುತ್ತದೆ.

“ಅವನಲ್ಲ,” ಅಂದೆ. “ಸೂಜಿ ನಿಲ್ಸಿ ಅಂದಿದ್ದು ನಾನು. ಇವರ ಹೆಂಡತಿ ಫೋನ್ ಮಾಡಿದ್ರು. ಆಗಲೂ ತಡ್ಕೊಳ್ಳಿ ಅಂದಿದ್ದು ನಾನೇ.”

ಅಣ್ಣ ತಿರುಗಿದ. ಅವನ ಕೈಯಲ್ಲಿ ಸೊಪ್ಪಿನ ಗಳುವಿತ್ತು. ತಲೆಗೆ ಬೀಸಿದ್ದನ್ನು ಎಡಗೈ ಎತ್ತಿ ತಡೆದೆ. ಹಸಿ ಕಡ್ಡಿ ಮುರಿದಂಥ ಸದ್ದು ನನ್ನದೇ ಮುಂಗೈಯಿಂದ ಬಂತು. ಎರಡನೇ ಏಟು ಭುಜಕ್ಕೆ. ಮಂಡಿಯೂರಿ ಬಿದ್ದೆ. ಬಿದ್ದಲ್ಲಿಂದಲೇ ಹೇಳಿದೆ: “ಹೊಡೀರಿ. ಆದ್ರೆ ನಿಮ್ಮ ತಮ್ಮನ ಮೈಯಲ್ಲಿ ಈಗ ಒಂದು ಔಷಧಿ ಇಲ್ಲ, ಅದು ಒಂದು ಗಂಟೇಲಿ ಹೋಗದಿದ್ರೆ ಉಳಿಯೋದಿಲ್ಲ. ಅದು ಕೋಟೇಲಿದೆ.”

ನಂಬಿದರೋ ಇಲ್ಲವೋ. ಮೂರನೇ ಏಟಿಗೆ ಗಳು ಮೇಲೆದ್ದಿತ್ತು. ಅಷ್ಟರಲ್ಲಿ ಬ್ಯಾರನ್ನಿನ ಬಾಗಿಲಿಂದ ಹೆಂಡತಿ ಬಂದಳು. ಒಂದು ಕೈಯಲ್ಲಿ ಗಂಡನನ್ನು ತಬ್ಬಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಹಗ್ಗ ಕೊಯ್ದ ಕುಡುಗೋಲು.

“ಬಾವ, ದಾರಿ ಬುಡಿ,” ಅಂದಳು. “ಕುಷ್ಠ ಅಂತ ಆಚ್ಗೆ ಆಕ್ದಾಗ ಎಲ್ಲಿತ್ತು ಈ ತಮ್ಮ ಅನ್ನೋದು? ಈಗ ಯಾರು ಅಡ್ಡ ಬಂದ್ರೂ ಕಡ್ದಾಕ್ಬುಡ್ತೀನಿ.”

ಯಾರಾದರೂ ಅಡ್ಡ ಬಂದಿದ್ದರೆ ಆಕೆ ಕಡಿದೇಬಿಡುತ್ತಿದ್ದಳು. ಅದರಲ್ಲಿ ಅಲ್ಲಿದ್ದ ಯಾರಿಗೂ ಅನುಮಾನವಿರಲಿಲ್ಲ. ಅಣ್ಣ ಗಳುವನ್ನು ಕೆಳಗೆ ಹಾಕಿದ. ತಾನೇ ಮುಂದೆ ಬಂದು, ವರ್ಷದಿಂದ ಮುಟ್ಟದಿದ್ದ ತಮ್ಮನನ್ನು ಎರಡೂ ತೋಳಲ್ಲಿ ಎತ್ತಿ ಜೀಪಿನಲ್ಲಿ ಮಲಗಿಸಿದ. ಅವನ ಅಂಗಿಗೆಲ್ಲ ಸುಲಿದ ಚರ್ಮ ಅಂಟಿತು.

ಮುಂದಿನ ಗಾಜಿಲ್ಲದ ಜೀಪು. ಡ್ರೈವರ್ ಒಡೆದ ತುಟಿಯಲ್ಲಿ ರಕ್ತ ಉಗುಳುತ್ತ ಓಡಿಸಿದ. ಹಿಂದೆ ನಾನು, ಹೆಂಡತಿ, ಅಣ್ಣ. ರೋಗಿಗೆ ಒಮ್ಮೊಮ್ಮೆ ಪ್ರಜ್ಞೆ ತಪ್ಪುತ್ತಿತ್ತು. ನಾನು ಅಣ್ಣನ ಕಡೆ ನೋಡಿ, ಏನಾದರೂ ಆಡಲೇಬೇಕೆಂದು, “ಕೈ ಕಟ್ಟಬಾರದಿತ್ತು,” ಅಂದೆ.

ಉತ್ತರ ಕೊಟ್ಟವಳು ಹೆಂಡತಿ. “ಬಾವ ಕಟ್ಟಿಲ್ಲ ಕಣ್ರೀ. ಇವ್ರೇ ನನ್ ಕೈಲಿ ಕಟ್ಟುಸ್ಕಂಡ್ರು. ಕೈ ಬುಟ್ಟಿದ್ರೆ ಎದ್ದು ಸೂಜಿಯವನ್ ತಾವ್ಕೆ ಓಗ್ಬುಡ್ತೀನಿ ಕಣೆ, ಆ ಸಾರ್ಗೆ ಇಪ್ಪತ್ತೊಂದು ದಿನ ಅಂತ ಮಾತು ಕೊಟ್ಟಿವ್ನಿ ಅಂದ್ರು.”

ಮುರಿದ ಕೈಯ ನೋವು ಅಲ್ಲಿಯವರೆಗೆ ಗೊತ್ತಾಗಿರಲಿಲ್ಲ. ಆಗ ಶುರುವಾಯಿತು.

ಕೋಟೆಯ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ: ಎರಡು ವರ್ಷ ವಾರವಾರ ಸ್ಟೀರಾಯ್ಡ್ ಇರಬೇಕು, ಮೂರು ವಾರದ ಹಿಂದೆ ದಿಢೀರನೆ ನಿಂತಿದೆ, ನಿಲ್ಲಿಸಿದ್ದು ನಾನು. ಅವರು ರಕ್ತದೊತ್ತಡ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಬೈಯಲು ಸಮಯವಿರಲಿಲ್ಲ. ನರ್ಸ್ ಕಾಲಿನಲ್ಲಿ ಒಂದು ನರ ಹುಡುಕಿ ಸೂಜಿ ಸೇರಿಸಿದರು. ಡ್ರಿಪ್ ಹಾಕುವ ಮುಂಚೆ ಪರೀಕ್ಷೆಗೆಂದು ರಕ್ತ ಎಳೆದರು. ನನ್ನ ಕೊರಳಲ್ಲಿದ್ದ ಕಾಲೇಜಿನ ಗುರುತಿನ ಚೀಟಿ ನೋಡಿ, “ನಿಮ್ದೂ ಒಂದು ಟ್ಯೂಬ್ ತೆಗೀಬೇಕಾ?” ಎಂದು ಕೇಳಿದರು.

ಬೇಡ ಅಂದೆ.

“ತಗಳಿ,” ಎಂದಳು ಹೆಂಡತಿ, ಗಂಡನ ತಲೆ ಹಿಡಿದುಕೊಂಡೇ. “ಇದ್ಕೇ ತಾನೆ ಇವ್ರು ಇಷ್ಟು ಪಾಡು ಪಟ್ಟಿದ್ದು. ಇಲ್ದಿದ್ರೆ ಎಲ್ಲ ಯಾಕಾಯ್ತು ಅಂದಂಗಾಯ್ತದೆ. ತಗಂಡೋಗಿ, ಏನು ಬಂತು ಅಂತ ಬಂದು ಏಳ್ಬೇಕು.”

ನರ್ಸ್ ಇನ್ನೊಂದು ಟ್ಯೂಬ್ ತುಂಬಿದರು. ಆಮೇಲೆ ಸ್ಟೀರಾಯ್ಡ್ ಹೋಯಿತು, ಉಪ್ಪು ನೀರು ಹೋಯಿತು. ಸಂಜೆಯ ಹೊತ್ತಿಗೆ ನಾಡಿ ಸಿಗುವಂತಾಯಿತು. ಮಾರನೆಯ ದಿನ ಮೈಸೂರಿಗೆ ಸಾಗಿಸಿದರು. ನನ್ನ ಕೈಗೆ ಪಟ್ಟು ಹಾಕಿದರು.

ಆಮೇಲಿನ ಕೆಲಸವೆಲ್ಲ ಒಂದೇ ಕೈಯಲ್ಲಿ. ಆ ಸೀರಂ ಹಾಕಿದ ಗುಳಿ ಉಳಿದವಕ್ಕಿಂತ ಎಷ್ಟೋ ಮುಂಚೆ ಹಳದಿಗೆ ತಿರುಗಿತು. ಯಂತ್ರ ಅಂಕಿ ಕೊಡಲಿಲ್ಲ, ಅಳತೆಯ ಮೇಲಿನ ಗೆರೆ ದಾಟಿದೆ ಎಂದಷ್ಟೇ ತೋರಿಸಿತು. ಹತ್ತು ಪಟ್ಟು ತೆಳು ಮಾಡಿ ಮತ್ತೆ ಹಾಕಿದಾಗ ಓದಲು ಬಂತು. ಟಿಎನ್ಎಫ್ ಎಂಬ ಸೈಟೊಕೈನ್ ಅಷ್ಟು ಏರಿದ್ದನ್ನು ನಮ್ಮ ಲ್ಯಾಬಿನಲ್ಲಿ ಯಾರೂ ನೋಡಿರಲಿಲ್ಲ. ಪ್ರೊಫೆಸರರು ಆ ಹಾಳೆಯನ್ನು ತುಂಬಾ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದರು. ಸೇರಿಸಬಾರದವನನ್ನು ಸೇರಿಸಿ ಪಡೆದ ಅಂಕಿ, ಅಧ್ಯಯನದಲ್ಲಿ ಇರುವ ಹಾಗಿಲ್ಲ.

ಕಾಲೇಜಿನವರು ಅಣ್ಣನ ಮೇಲೆ ಪೊಲೀಸರಿಗೆ ದೂರು ಬರೆದಿಟ್ಟಿದ್ದರು, ನನ್ನ ಸಹಿಯೊಂದು ಬೇಕಿತ್ತು. ನಾನು ಬೇರೊಂದು ಕಾಗದ ಬರೆದೆ. ಹಾಲಿನ ಬಣ್ಣದ ಸೂಜಿ, ‘ಗೊತ್ತಿಲ್ಲ’ ಎಂದು ತುಂಬಿದ ಕಾಲಂ, ನೋಡದೆ ಹಾಕಿಸಿದ ಸಹಿ, ಹದಿನಾಲ್ಕನೇ ದಿನದ ಫೋನು, ಎಲ್ಲ ಇತ್ತು ಅದರಲ್ಲಿ. ಎರಡನ್ನೂ ಒಟ್ಟಿಗೆ ಕಳಿಸುವುದಾದರೆ ಸಹಿ ಮಾಡುತ್ತೇನೆ ಅಂದೆ. ದೂರು ಹೋಗಲಿಲ್ಲ. ಕಿರಿಯ ಡಾಕ್ಟರು ನನ್ನೊಡನೆ ಮಾತು ಬಿಟ್ಟರು, ಅವರದು ನ್ಯಾಯ. ಊರೂರು ತಿರುಗುವ ಕೆಲಸದಿಂದ ನನ್ನನ್ನು ತೆಗೆದರು, ಅದೂ ನ್ಯಾಯ. ಪ್ರೊಫೆಸರರು ನಿಯಮ ತಿದ್ದಿ ಬರೆದರು. ಅದನ್ನು ಟೈಪ್ ಮಾಡಿದವನು ನಾನೇ, ಬಲಗೈಯ ಎರಡು ಬೆರಳಲ್ಲಿ.

ಪಟ್ಟು ಬಿಚ್ಚಿ ತಿಂಗಳಾದ ಮೇಲೆ ಬಸ್ಸಿನಲ್ಲಿ ಹಂಪಾಪುರಕ್ಕೆ ಹೋಗಿ, ಅಲ್ಲಿಂದ ನಡೆದೆ. ಹೆದರಿಕೆ ಇತ್ತು. ಅಣ್ಣನ ಮನೆಯ ಜಗಲಿಯ ಮೇಲೆ, ಬ್ಯಾರನ್ನಿನಲ್ಲಲ್ಲ, ಆತ ಕೂತಿದ್ದ. ಮುಖದ ಊತ ಇಳಿದಿತ್ತು. ಹಣೆಯ ಮೇಲೆ ಹೊಸ ತೆಳು ಚರ್ಮ ಮಿರುಗುತ್ತಿತ್ತು. ಮೈಸೂರಿನಲ್ಲಿ ಕೊಟ್ಟ ಮಾತ್ರೆಗಳಿಂದ ನವೆ ಹತೋಟಿಯಲ್ಲಿತ್ತು. ವಾಸಿಯಾಗುವ ರೋಗವಲ್ಲ ಅದು. ಅಣ್ಣ ಮನೆಯ ಸುತ್ತಲಿನ ಕಾಂಗ್ರೆಸ್ ಗಿಡವನ್ನೆಲ್ಲ ಬೇರುಸಹಿತ ಕಿತ್ತು ದೂರದ ಗುಂಡಿಗೆ ಹಾಕಿದ್ದ. ಪಕ್ಕದಲ್ಲಿ ಕೂತಿದ್ದ ಅಣ್ಣ ನನ್ನನ್ನು ನೋಡಿ ಎದ್ದು ನಿಂತ.

“ಕೈ ಕೂಡ್ಕತಾ?” ಎಂದು ಕೇಳಿದ.

“ಕೂಡ್ಕೊಂಡಿದೆ.”

ಅಷ್ಟೇ. ಕ್ಷಮೆ ಅವನು ಕೇಳಲಿಲ್ಲ. ನಾನು ಕೇಳಿದೆ, ಆದರೆ ತಮ್ಮನನ್ನು. ಆತ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹೆಂಡತಿ ಒಳಗಿನಿಂದ ಬಂದು ಕಂಬಕ್ಕೊರಗಿ ಕೂತಳು. ಬಂದದ್ದನ್ನು ಹೇಳಿದೆ. ನಿಮ್ಮ ರಕ್ತದಲ್ಲಿ ಆ ಅಂಶ ನಮ್ಮ ಯಂತ್ರಕ್ಕೆ ಓದಲಾಗದಷ್ಟು ಇತ್ತು. ಅಂದರೆ ನಿಮಗಾಗುತ್ತಿದ್ದ ಉರಿ ಸುಳ್ಳಲ್ಲ, ಹಟವಲ್ಲ, ಹುಚ್ಚಲ್ಲ. ನಾವು ಅಳೆದವರಲ್ಲೆಲ್ಲ ಹೆಚ್ಚು ತಡೆದುಕೊಂಡವರು ನೀವು.

“ಪುಸ್ತಕದಲ್ಲಿ ಬರೀತಾರಾ ಅದ?” ಎಂದಳು ಹೆಂಡತಿ.

“ಇಲ್ಲ. ತಪ್ಪಾಗಿ ತಗೊಂಡ ಲೆಕ್ಕ ಅಂತ ತೆಗೆದು ಹಾಕಿದ್ದಾರೆ.”

ಆಕೆ ಗಂಡನ ಮುಖ ನೋಡಿದಳು. ಆತ ಅಂಗೈಯ ಹೊಸ ಚರ್ಮವನ್ನು ಹೆಬ್ಬೆರಳಿನಿಂದ ನಿಧಾನ ಒರೆಸಿಕೊಳ್ಳುತ್ತಿದ್ದ. ತಲೆ ಎತ್ತದೆ ಕೇಳಿದ.

“ಈಗ್ಲೂ ಬೇರೆಯೋರ್ಗೆ ಇಂಗೇ ನಿಲ್ಸಿ ಅಂತೀರಾ ಸಾ?”

“ಇಲ್ಲ. ಡಾಕ್ಟ್ರು ಕಣ್ಣಾರೆ ನೋಡದೆ ಯಾರೂ ಯಾರಿಗೂ ಏನನ್ನೂ ನಿಲ್ಸೋ ಹಾಗಿಲ್ಲ. ರೋಗಿ ಸಾಕು ಅಂದ್ರೆ ಆ ಗಳಿಗೆಗೇ ಔಷಧಿ ಕೊಡಬೇಕು. ಫೋನ್ ಬಂದ್ರೆ ಡಾಕ್ಟ್ರೇ ಮಾತಾಡಬೇಕು. ಹಾಗಂತ ಬರೆದಿದೆ.”

“ಬರ್ದದಾ, ಬಾಯಲ್ಲಿ ಅಂದವ್ರಾ?”

“ಬರೆದಿದೆ. ನಾನೇ ಟೈಪ್ ಮಾಡಿದ್ದು.”

ಆತ ಹೆಂಡತಿಯ ಕಡೆ ತಿರುಗಿ, “ಮುದ್ದೆ ಆಗಿದ್ರೆ ಇವ್ರಿಗೂ ಒಂದು ತಟ್ಟೆ ಇಕ್ಕು,” ಅಂದ.